ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ

ನನ್ನ ಕಾರಿನ ಟ್ಯಾಂಕ್ ಫುಲ್ ಮಾಡಿಸಿದರೂ ಪೆಟ್ರೋಲ್ ಮುಳ್ಳು ಮುಕ್ಕಾಲಿನ ಹತ್ತಿರವೇ ನಿಲ್ಲುತ್ತಿತ್ತು. ಅಲ್ಲಿಂದ ನಿಧಾನವಾಗಿ ಇಳಿದು ಅರ್ಧಕ್ಕೆ ಬಂದ ಮೇಲೆ ಒಮ್ಮೆಲೇ ‘ಇ’ಗೆ, ಅಂದರೆ ಖಾಲಿಗೆ, ಬೀಳುತ್ತಿತ್ತು. ರಸ್ತೆ ಉಬ್ಬು ಹಾರಿದರೆ ಮತ್ತೆ ಮೇಲೇಳುತ್ತಿತ್ತು. ಇನ್ನಷ್ಟು ಪೆಟ್ರೋಲ್ ಖರ್ಚಾಗಿ ಕಾಲು ಟ್ಯಾಂಕ್‌ಗೆ ಇಳಿದಾಗ, ಏನೂ ಆಗಿಲ್ಲದ ಹಾಗೆ ಸರಿಯಾಗಿ ತೋರಿಸುತ್ತಿತ್ತು.

ನಾವಿರುವುದು ಸಕಲೇಶಪುರದ ಕಡೆ. ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಗುತ್ತದೆ. ಮಾರನಹಳ್ಳಿ ದಾಟಿದ ಮೇಲೆ ಗುಂಡ್ಯದವರೆಗೆ ಬರೀ ಕಾಡು, ತಿರುವು, ಲಾರಿಗಳ ಸಾಲು. ಅಲ್ಲಿ ಟ್ಯಾಂಕ್‌ನಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಹೋಗೋದು ನನಗೆ ಆಗುವುದಿಲ್ಲ. ಟ್ರಿಪ್ ಮೀಟರ್ ನೋಡಿ ಲೆಕ್ಕ ಹಾಕಿಕೊಂಡು ಸ್ವಲ್ಪ ಕಾಲ ಓಡಿಸಿದೆ. ಆದರೆ ಘಾಟಿಯಲ್ಲಿ ರಸ್ತೆ ಕಟ್ಟಿಕೊಂಡು ಇಂಜಿನ್ ಸುಮ್ನೆ ಓಡುತ್ತಾ ನಿಂತರೆ ಆ ಲೆಕ್ಕವೂ ಕೆಡುತ್ತದೆ.

ಕಾರು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಫ್ಯೂಲ್ ಇಂಜೆಕ್ಷನ್, 35 ಲೀಟರ್ ಟ್ಯಾಂಕ್, ಡ್ಯಾಶ್‌ಬೋರ್ಡ್‌ನಲ್ಲಿ ಮುಳ್ಳಿನ ಗೇಜ್. ಯಾವ ಕಂಪನಿಯದು ಎನ್ನುವುದು ಇಲ್ಲಿ ಮುಖ್ಯವಲ್ಲ. ವಯಸ್ಸಾದ ಯಾವ ಕಾರಿಗಾದರೂ ಬರುವ ಕಾಯಿಲೆ ಇದು. ಗ್ಯಾರೇಜಿನಲ್ಲಿ ಕೇಳಿದಾಗ ಉತ್ತರ ತಕ್ಷಣ ಬಂತು: “ಫ್ಲೋಟ್ ಹೋಗಿದೆ ಸರ್, ಪಂಪ್ ಸಮೇತ ಪೂರ್ತಿ ಸೆಟ್ ಹಾಕಿಸಿಬಿಡಿ.” ಫ್ಲೋಟ್ ಅಂದರೆ ಟ್ಯಾಂಕಿನೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಅಳೆಯುವ ಭಾಗ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಮುಳ್ಳು ಎರಡು ಬೇರೆ ಬೇರೆ ರೀತಿಯ ಸುಳ್ಳು ಹೇಳುತ್ತಿತ್ತು. ಮೇಲಿನ ಕಡೆ ಯಾವಾಗಲೂ ಒಂದಿಷ್ಟು ಕಡಿಮೆ ತೋರಿಸುವುದು ಒಂದು. ಒಂದೇ ಜಾಗದಲ್ಲಿ ಪೂರ್ತಿ ಬಿದ್ದುಹೋಗುವುದು ಇನ್ನೊಂದು. ಒಂದೇ ಕಾರಣಕ್ಕೆ ಇವೆರಡೂ ಬರುವುದು ಕಷ್ಟ.

ಮೊದಲು ನೋಡಿದ್ದು, ಏನನ್ನೂ ಬಿಚ್ಚದೆ

ಟೂಲ್ ಬಾಕ್ಸ್ ತೆಗೆಯುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಮುಳ್ಳನ್ನು ಗಮನಿಸಿದೆ. ಇದಕ್ಕೆ ದುಡ್ಡು ಬೇಕಿಲ್ಲ, ಆದರೆ ಮುಕ್ಕಾಲು ಕೆಲಸ ಇಲ್ಲೇ ಆಗುತ್ತದೆ.

ಟ್ಯಾಂಕ್ ಫುಲ್ ಇದ್ದಾಗ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟೆ. ಇಂಜೆಕ್ಷನ್ ಕಾರುಗಳಲ್ಲಿ ಕೀ ಆನ್ ಆದ ಕೂಡಲೇ ಪಂಪ್ ಎರಡು ಮೂರು ಸೆಕೆಂಡ್ ಓಡಿ, ಪೈಪಿನಲ್ಲಿ ಒತ್ತಡ ತುಂಬಿಸಿ ನಿಲ್ಲುತ್ತದೆ. ಹಿಂದಿನ ಸೀಟಿನ ಕೆಳಗಿಂದ ಸಣ್ಣ ‘ಜೂಂ’ ಶಬ್ದ ಕೇಳುತ್ತದೆ ಅಲ್ವಾ, ಅದೇ. ಆ ಶಬ್ದ ನಿಂತ ಮೇಲೆ ಮುಳ್ಳು ಮೆಲ್ಲಗೆ ಏರುತ್ತಾ ‘ಎಫ್’ ಗೆರೆಯವರೆಗೂ ಬಂತು. ಇಂಜಿನ್ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮುಕ್ಕಾಲಿಗೆ ಇಳಿಯಿತು. ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ಅಷ್ಟೇ, ಕಾರು ಅಲ್ಲಾಡಿಲ್ಲ. ಬದಲಾದದ್ದು ಒಂದೇ: ಪಂಪ್ ಓಡುತ್ತಿದೆ.

ಆಮೇಲೆ ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿ ಹಿಡಿದೆ. ಮುಳ್ಳು ಇನ್ನೂ ಒಂದು ಕೂದಲಷ್ಟು ಇಳಿಯಿತು. ಬ್ರೇಕ್ ಬಿಟ್ಟರೆ ವಾಪಸ್. ಅಂದರೆ ಹಿಂದಿನ ದೀಪಗಳಿಗೂ ಪೆಟ್ರೋಲ್ ಮುಳ್ಳಿಗೂ ಎಲ್ಲೋ ಸಂಬಂಧವಿದೆ. ಇವೆಲ್ಲ ಒಟ್ಟಿಗೆ ಸೇರುವ ಜಾಗ ಸಾಮಾನ್ಯವಾಗಿ ಅರ್ತಿಂಗ್, ಅಂದರೆ ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

ಮೂರನೆಯ ಸುಳಿವು ಕೆಂಪು ದೀಪದ್ದು. ಪೆಟ್ರೋಲ್ ಕಡಿಮೆಯಾದಾಗ ಹೊತ್ತುವ ಎಚ್ಚರಿಕೆ ದೀಪ, ಮುಳ್ಳು ‘ಇ’ಗೆ ಬಿದ್ದಾಗಲೂ ಹೊತ್ತುತ್ತಿರಲಿಲ್ಲ. ಬಲ್ಬ್ ಸುಟ್ಟಿಲ್ಲ, ಟ್ಯಾಂಕ್ ನಿಜವಾಗಿ ತಳ ಕಂಡಾಗ ಹೊತ್ತುತ್ತದೆ. ನನ್ನ ಕಾರಿನಲ್ಲಿ ಈ ದೀಪಕ್ಕೂ ಮುಳ್ಳಿಗೂ ದಾರಿ ಬೇರೆ ಬೇರೆ. ದೀಪವನ್ನು ನಡೆಸುವುದು ಟ್ಯಾಂಕಿನ ತಳದ ಹತ್ತಿರ ಇರುವ ಥರ್ಮಿಸ್ಟರ್ ಎಂಬ ಸಣ್ಣ ಮಣಿ. ಅದು ಪೆಟ್ರೋಲ್‌ನಲ್ಲಿ ಮುಳುಗಿರುವ ತನಕ ತಣ್ಣಗಿರುತ್ತದೆ, ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಜಾಸ್ತಿ ಇರುತ್ತದೆ, ದೀಪ ಹೊತ್ತುವಷ್ಟು ಕರೆಂಟ್ ಬಿಡುವುದಿಲ್ಲ. ಪೆಟ್ರೋಲ್ ಇಳಿದು ಮಣಿ ಗಾಳಿಗೆ ಬಂದರೆ, ತನ್ನಲ್ಲಿ ಹರಿಯುವ ಕರೆಂಟಿಗೇ ಬಿಸಿಯಾಗುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ, ದೀಪ ಹೊತ್ತುತ್ತದೆ. ಇಂಥ ಸರಳ ಜಾಣತನ ನೋಡಿದರೆ ನನಗೆ ಖುಷಿಯಾಗುತ್ತದೆ. ಮುಳ್ಳಿನ ಮಾತು ನಂಬಲಾಗದ ದಿನಗಳಲ್ಲಿ ನಾನು ನಂಬಿದ್ದು ಈ ದೀಪವನ್ನೇ.

ಗೇಜ್ ಕೆಲಸ ಮಾಡುವ ಬಗೆ

ಟ್ಯಾಂಕಿನೊಳಗೆ ಒಂದು ತೋಳು, ಅದರ ತುದಿಯಲ್ಲಿ ತೇಲುವ ಬುಂಡೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ತೋಳು ನೀರು ನಿಲ್ಲಿಸುವ ಬದಲು ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಲೋಹದ ಬೆರಳನ್ನು ಸರಿಸುತ್ತದೆ. ಬೆರಳು ನಿಂತ ಜಾಗಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ. ನನ್ನ ಕಾರಿನಲ್ಲಿ ಟ್ಯಾಂಕ್ ಫುಲ್ ಇದ್ದರೆ ಸುಮಾರು 4 ಓಮ್ (ರೆಸಿಸ್ಟೆನ್ಸ್ ಅಳೆಯುವ ಮಾನ), ಅರ್ಧಕ್ಕೆ 35ರ ಆಸುಪಾಸು, ಖಾಲಿಯಾದರೆ 118. ಕರೆಂಟ್ ಡ್ಯಾಶ್‌ಬೋರ್ಡಿನ ಗೇಜಿನಿಂದ ಹೊರಟು, ಒಂದೇ ವೈರ್‌ನಲ್ಲಿ ಟ್ಯಾಂಕಿಗೆ ಬಂದು, ಈ ಪಟ್ಟಿಯ ಮೂಲಕ ಅರ್ತಿಂಗ್‌ಗೆ ಹೋಗುತ್ತದೆ.

ಗೇಜಿನೊಳಗೆ ಅಡ್ಡಡ್ಡ ಸುತ್ತಿದ ಎರಡು ಕಾಯಿಲ್, ನಡುವೆ ಒಂದು ಸಣ್ಣ ಅಯಸ್ಕಾಂತ. ಎರಡು ಕಾಯಿಲ್‌ಗಳ ಎಳೆತ ಯಾವ ದಿಕ್ಕಿಗೆ ಕೂಡುತ್ತದೋ ಮುಳ್ಳು ಆ ದಿಕ್ಕಿಗೆ ತಿರುಗುತ್ತದೆ. ಬ್ಯಾಟರಿ ವೋಲ್ಟೇಜ್ ಏರಿಳಿದರೆ ಎರಡೂ ಕಾಯಿಲ್‌ಗೆ ಒಂದೇ ಅನುಪಾತದಲ್ಲಿ ಏರಿಳಿಯುವುದರಿಂದ ಮುಳ್ಳು ಕದಲುವುದಿಲ್ಲ. 1960ರ ದಶಕದ ಮಧ್ಯದಿಂದ ಬಂದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಹೀಗಿರಲಿಲ್ಲ. ಅವುಗಳಲ್ಲಿ ಬಿಸಿಗೆ ಬಾಗುವ ಲೋಹದ ಪಟ್ಟಿಯ ಗೇಜ್ ಇತ್ತು, ಅದಕ್ಕೆ ಸರಾಸರಿ 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಬೇಕಾಗುತ್ತಿತ್ತು. ಆ ಕಾಲದ ಕಾರು ಇಟ್ಟುಕೊಂಡವರು ಪೆಟ್ರೋಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಮೊದಲು ಆ ಸ್ಟೆಬಿಲೈಸರನ್ನೇ ಹಿಡಿಯಬೇಕು.

ಮೇಲಿನ ಓಮ್ ಲೆಕ್ಕ ನನ್ನ ಕಾರಿನದು. ಎಲ್ಲ ಕಾರಿಗೂ ಇದೇ ಇರುವುದಿಲ್ಲ. ಖಾಲಿಗೆ 240, ಫುಲ್‌ಗೆ 33 ಇರುವವೂ ಇವೆ. ಕೆಲವು ಯುರೋಪಿನ ಫ್ಲೋಟ್‌ಗಳು ಪೂರಾ ಉಲ್ಟಾ: ಖಾಲಿಗೆ 10, ಫುಲ್‌ಗೆ 180. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಇನ್ನೆಲ್ಲೋ ಹೊಸ ಫ್ಲೋಟ್ ಕೊಳ್ಳುವವರು ತೋಳಿನ ಆಕಾರ ಮಾತ್ರ ಹೋಲಿಸಿ ತರಬೇಡಿ. ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು ಎರಡು ತುದಿಯ ಓಮ್ ನೋಡಿ.

ಗೇಜ್ ಸರಿಯಿದೆಯಾ, ವೈರ್ ಸರಿಯಿದೆಯಾ?

ಹಿಂದಿನ ಸೀಟಿನ ಕುಶನ್ ಎತ್ತಿದರೆ ಟ್ಯಾಂಕಿನ ಮೇಲಿನ ಮುಚ್ಚಳ ಸಿಗುತ್ತದೆ. ಅದರಡಿ ನಾಲ್ಕು ವೈರಿನ ಕಪ್ಲರ್ (ವೈರ್‌ಗಳನ್ನು ಒಟ್ಟಿಗೆ ಜೋಡಿಸುವ ಪ್ಲಗ್): ಪಂಪ್‌ಗೆ ಬರುವ ಕರೆಂಟ್, ಮುಳ್ಳಿನ ವೈರ್, ಎಚ್ಚರಿಕೆ ದೀಪದ ವೈರ್, ಮತ್ತು ಇವು ಮೂರಕ್ಕೂ ಸೇರಿ ಒಂದೇ ದಪ್ಪ ಕಪ್ಪು ಅರ್ತಿಂಗ್ ವೈರ್. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಮೂರು ಸಿಮೆಂಟ್ ರೆಸಿಸ್ಟರ್ ತಂದಿದ್ದೆ: 4.7, 33 ಮತ್ತು 120 ಓಮ್, ಎಲ್ಲವೂ 5 ವ್ಯಾಟ್‌ನವು. ಟ್ಯಾಂಕಿನೊಳಗಿನ ಪಟ್ಟಿಯ ಬದಲಿಗೆ ಇವನ್ನು ಹೊರಗಿಂದ ಹಚ್ಚಿದರೆ, ಗೇಜಿಗೆ ಟ್ಯಾಂಕ್ ಫುಲ್, ಅರ್ಧ, ಖಾಲಿ ಅಂತ ಅನ್ನಿಸಬೇಕು. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿದೆ. ಮುಳ್ಳಿನ ವೈರಿಗೂ ಕಪ್ಪು ವೈರಿಗೂ ನಡುವೆ 33 ಓಮ್ ಹಾಕಿದೆ. ಭಾಮೈದನನ್ನು ಮುಂದೆ ಕೂರಿಸಿ ಕೀ ಆನ್ ಮಾಡಿಸಿದೆ.

“ಎಲ್ಲಿಗೆ ಬಂತೋ?”

“ಏರ್ತಾ ಇದೆ ಭಾವ... ಅರ್ಧಕ್ಕೆ ನಿಂತಿತು.”

4.7ಕ್ಕೆ ‘ಎಫ್’, 120ಕ್ಕೆ ‘ಇ’. ಸಲೀಸಾಗಿ ಬಂತು. ಡ್ಯಾಶ್‌ಬೋರ್ಡ್ ಬಿಚ್ಚುವ ಮಾತೇ ಇಲ್ಲ ಅಂತ ಇಲ್ಲಿಗೆ ತೀರ್ಮಾನವಾಯಿತು. ಗೇಜ್ ಚೆನ್ನಾಗಿದೆ, ಅಲ್ಲಿಂದ ಟ್ಯಾಂಕ್‌ವರೆಗಿನ ವೈರೂ ಚೆನ್ನಾಗಿದೆ.

ಈ ಪರೀಕ್ಷೆ ಮಾಡುವವರಿಗೆ ಎರಡು ಮಾತು. ಮುಳ್ಳು ನಿಧಾನ, ಅದಕ್ಕೆ ಅರ್ಧ ನಿಮಿಷ ಕೊಡಿ. ವೈರನ್ನು ನೇರವಾಗಿ ಕಾರಿನ ಲೋಹದ ಬಾಡಿಗೆ ಮುಟ್ಟಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ಅದರ ಬದಲು ಸಣ್ಣ ರೆಸಿಸ್ಟರನ್ನೋ 3.4 ವ್ಯಾಟ್‌ನ ಸಣ್ಣ ಬಲ್ಬನ್ನೋ ನಡುವೆ ಇಡುವುದು ಗೇಜಿನ ಆರೋಗ್ಯಕ್ಕೆ ಒಳ್ಳೆಯದು. ಹೊಸ ಕಾರುಗಳಲ್ಲಿ ಮುಳ್ಳನ್ನು ತಿರುಗಿಸುವುದು ಮೀಟರಿನೊಳಗಿನ ಕಂಪ್ಯೂಟರ್. ಅದು ಸರಾಸರಿ ತೆಗೆದುಕೊಂಡು ತೋರಿಸುತ್ತದೆ, ಇನ್ನೂ ಜಾಸ್ತಿ ಹೊತ್ತು ಕಾಯಬೇಕಾಗಬಹುದು. ಅಂಥ ಕಾರಿಗೆ ಸ್ಕ್ಯಾನರ್ ಹಾಕಿದರೆ ಪಿ0460ರಿಂದ ಪಿ0463ರವರೆಗಿನ ಕೋಡ್‌ಗಳು ಸಿಕ್ಕರೆ ಅವು ಇದೇ ಫ್ಲೋಟ್ ಸರ್ಕ್ಯೂಟ್‌ನವು.

ಅರ್ತಿಂಗ್ ದೋಷ ಸಿಕ್ಕಿದ್ದು

ರೆಸಿಸ್ಟರ್ ಪರೀಕ್ಷೆಯಲ್ಲಿ ಎಲ್ಲವೂ ಸರಿ ಬಂತಲ್ಲ, ಅರ್ತಿಂಗ್ ಕೂಡ ಸರಿಯಿದೆ ಅಂತ ಅಂದುಕೊಳ್ಳುವುದು ಸುಲಭ. ಅಲ್ಲೇ ಇರುವುದು ಸೂಕ್ಷ್ಮ. ಕಪ್ಲರ್ ಬಿಚ್ಚಿದಾಗ ಪಂಪ್ ಕೂಡ ಕಳಚಿಹೋಗಿರುತ್ತದೆ. ಕಪ್ಪು ವೈರಿನಲ್ಲಿ ಆಗ ಹರಿಯುವುದು ಗೇಜಿನ ಸಣ್ಣ ಕರೆಂಟ್ ಮಾತ್ರ. ಕೀ ಆನ್ ಮಾಡಿ ಇಂಜಿನ್ ಓಡಿಸದೆ ಬಿಟ್ಟಾಗ ಮುಳ್ಳು ‘ಎಫ್’ವರೆಗೆ ಬಂದದ್ದೂ ಇದೇ ಕಾರಣಕ್ಕೆ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅರ್ತಿಂಗ್ ಅಳೆದರೂ ಪ್ರಯೋಜನವಿಲ್ಲ. ದೋಷ ಇರುವುದು ಓಮ್‌ನ ಒಂದೆರಡು ಹತ್ತನೇ ಭಾಗದಲ್ಲಿ, ಮೀಟರಿನ ವೈರ್‌ಗಳದ್ದೇ ಅಷ್ಟು ಇರುತ್ತದೆ. ಅದಕ್ಕೆ ಲೋಡ್ ಹಾಕಿ, ಅಂದರೆ ಪಂಪ್ ಓಡುತ್ತಿರುವಾಗ, ವೋಲ್ಟೇಜ್ ನೋಡಬೇಕು. ಕಪ್ಲರ್ ವಾಪಸ್ ಸೇರಿಸಿದೆ. ಅದರ ಹಿಂಬದಿಯಿಂದ ಕಪ್ಪು ವೈರಿನ ಪಕ್ಕ ಗುಂಡುಸೂಜಿ ತೂರಿಸಿ ಮಲ್ಟಿಮೀಟರಿನ ಕೆಂಪು ಕಡ್ಡಿ ಹಚ್ಚಿದೆ. ಕಪ್ಪು ಕಡ್ಡಿಗೆ ಉದ್ದ ವೈರ್ ಜೋಡಿಸಿ ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟೆ. ಇಂಜಿನ್ ಸ್ಟಾರ್ಟ್. ಮೀಟರ್ 0.9 ವೋಲ್ಟ್ ತೋರಿಸಿತು. ಒಳ್ಳೆಯ ಅರ್ತಿಂಗ್‌ಗೆ ಇದು 0.1ರ ಒಳಗೆ ಇರಬೇಕು.

0.9 ವೋಲ್ಟ್ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಟ್ಯಾಂಕ್ ಫುಲ್ ಇದ್ದಾಗ ಮುಳ್ಳಿನ ವೈರಿನಲ್ಲಿ ಹರಿಯುವ ಕರೆಂಟ್ ನನ್ನ ಕಾರಿನಲ್ಲಿ ಸುಮಾರು 0.1 ಆಂಪಿಯರ್. 4 ಓಮ್ ಪಟ್ಟಿಯ ಮೇಲೆ ಅದು ಬರೀ 0.4 ವೋಲ್ಟ್ ಉಂಟುಮಾಡುತ್ತದೆ. ಪಂಪ್ ಎಳೆಯುವುದು ನಾಲ್ಕೈದು ಆಂಪಿಯರ್. ಆ ದೊಡ್ಡ ಕರೆಂಟ್ ತುಕ್ಕು ಹಿಡಿದ ಜಾಯಿಂಟ್ ದಾಟುವಾಗ ಕಪ್ಪು ವೈರನ್ನೇ 0.9 ವೋಲ್ಟ್ ಮೇಲಕ್ಕೆ ಎತ್ತಿಬಿಡುತ್ತದೆ. ಗೇಜಿಗೆ ಕಾಣುವುದು 0.4 ಅಲ್ಲ, 1.3 ವೋಲ್ಟ್. ಅದು 4 ಓಮ್ ಬದಲು 13 ಓಮ್ ಇದ್ದ ಹಾಗೆ. 13 ಓಮ್ ಅಂದರೆ ಮುಕ್ಕಾಲು ಟ್ಯಾಂಕ್. ಮುಳ್ಳು ತನಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳುತ್ತಿತ್ತು. ಬ್ರೇಕ್ ದೀಪಗಳು ತಲಾ 21 ವ್ಯಾಟ್, ಎರಡೂ ಸೇರಿ ಮೂರೂವರೆ ಆಂಪಿಯರ್. ಅವೂ ಇದೇ ಜಾಯಿಂಟ್ ದಾಟುತ್ತಿದ್ದರೆ ಬ್ರೇಕ್ ಒತ್ತಿದಾಗ ಮುಳ್ಳು ಇಳಿಯಲೇಬೇಕು.

ಇದು ಮುಳ್ಳಿಗಷ್ಟೇ ನಿಲ್ಲುವ ದೋಷವಲ್ಲ. ಪಂಪ್‌ಗೂ ಅಷ್ಟು ವೋಲ್ಟೇಜ್ ಕಡಿಮೆ ಸಿಗುತ್ತಿರುತ್ತದೆ. ಘಾಟಿ ಏರುವಾಗ ಪಂಪ್ ಗಟ್ಟಿಯಾಗಿ ಕೆಲಸ ಮಾಡಬೇಕಾದ ಹೊತ್ತಿನಲ್ಲಿ ಅದು ಬಳಲುತ್ತದೆ. ಹಾಗಾಗಿ ಮುಳ್ಳು ತಪ್ಪು ತೋರಿಸಿದರೆ ತೋರಿಸಲಿ ಬಿಡು ಅನ್ನುವವರೂ ಒಮ್ಮೆ ಈ ವೋಲ್ಟೇಜ್ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಕಪ್ಪು ವೈರಿನಿಂದ ಪಕ್ಕದ ಬಾಡಿಯ ಬರಿ ಲೋಹಕ್ಕೆ ಅಳೆದರೆ 0.86. ಬಾಡಿಯಿಂದ ಬ್ಯಾಟರಿಗೆ ಬರೀ 0.04. ಅಂದರೆ ಬಾಡಿ, ಬ್ಯಾಟರಿ ಕೇಬಲ್ ಎರಡೂ ಸರಿ, ಕೆಟ್ಟಿರುವುದು ಈ ವೈರ್ ಬಾಡಿಗೆ ಸೇರುವ ಜಾಗ. ಖಾತ್ರಿಗಾಗಿ ಗುಂಡುಸೂಜಿಯಿಂದ ಬಾಡಿಗೆ ಒಂದು ಜಂಪರ್ ವೈರ್ ಹಚ್ಚಿದೆ. ಇಂಜಿನ್ ಓಡುತ್ತಿರುವಾಗಲೇ ಮುಳ್ಳು ‘ಎಫ್’ ಕಡೆಗೆ ಏರತೊಡಗಿತು. ಏನನ್ನೂ ಬದಲಾಯಿಸುವ ಮೊದಲು ಹೀಗೆ ಸಾಬೀತು ಮಾಡಿಕೊಳ್ಳುವುದು ನನಗಿಷ್ಟ.

ಕಪ್ಪು ವೈರಿನ ಜಾಡು ಹಿಡಿದು ಹೋದರೆ ಡಿಕ್ಕಿಯ ಎಡ ಮೂಲೆ, ಟ್ರಿಮ್ಮಿನ ಹಿಂದೆ. ಒಂದೇ ಬೋಲ್ಟಿಗೆ ಮೂರು ಲಗ್‌ಗಳು (ವೈರಿನ ತುದಿಯ ಲೋಹದ ಬಳೆಗಳು). ಮೇಲೆಲ್ಲ ಹಸಿರು ಬಿಳುಪಿನ ಪುಡಿ, ಕೆಳಗೆ ಕೆಂಪು ತುಕ್ಕು. ಪಂಪಿನ ಲಗ್‌ನಲ್ಲಿ ಅರ್ಧದಷ್ಟು ಎಳೆಗಳು ಕಡಿದುಹೋಗಿದ್ದವು. ಮ್ಯಾಟ್ ಎತ್ತಿದರೆ ಒದ್ದೆ. ಎಡಗಡೆಯ ಟೈಲ್ ಲ್ಯಾಂಪಿನ ಪ್ಯಾಕಿಂಗ್ ಸವೆದು ಮಳೆನೀರು ಒಳಗೆ ಜಿನುಗುತ್ತಿತ್ತು. ಮಲೆನಾಡಿನ ಮಳೆಗೆ ಇಷ್ಟು ಸಂದು ಸಾಕು.

ಬೋಲ್ಟ್ ಬಿಚ್ಚಿ, ಬಾಡಿಯ ಜಾಗವನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿದೆ. ಎಳೆ ಕಡಿದ ವೈರನ್ನು ಹಿಂದಕ್ಕೆ ಕತ್ತರಿಸಿದಾಗ ಒಳಗೆ ತಾಮ್ರ ಕಪ್ಪಾಗಿರಲಿಲ್ಲ, ಅದಕ್ಕೆ ಹೊಸ ಲಗ್ ಒತ್ತಿ ಕೂರಿಸಿದೆ (ಕ್ರಿಂಪ್). ಹಲ್ಲಿರುವ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ವ್ಯಾಸಲಿನ್ ಮೆತ್ತಿದೆ. ಲೋಹಕ್ಕೆ ಲೋಹ ಬಿಗಿದ ಮೇಲೆ ಮೆತ್ತಬೇಕು, ಮೊದಲಲ್ಲ. ಟೈಲ್ ಲ್ಯಾಂಪ್ ತೆಗೆದು ಸುತ್ತಲೂ ನೀರು ತಡೆಯುವ ಅಂಟಿನಂಥ ಬ್ಯೂಟೈಲ್ ಟೇಪ್ ಅಂಟಿಸಿ ಕೂರಿಸಿದೆ. ಮತ್ತೆ ಅಳೆದರೆ 0.05 ವೋಲ್ಟ್. ಇಂಜಿನ್ ಓಡುವಾಗಲೂ ಮುಳ್ಳು ‘ಎಫ್’ನಲ್ಲಿ ನಿಂತಿತು. ಬ್ರೇಕ್ ಒತ್ತಿದರೂ ಅಲ್ಲಾಡಲಿಲ್ಲ.

ಮೊದಲ ಸುಳ್ಳು ಮುಗಿಯಿತು. ಅರ್ಧದ ಹತ್ತಿರ ಬೀಳುವುದು ಹಾಗೇ ಉಳಿದಿತ್ತು. ಅದಕ್ಕೆ ಟ್ಯಾಂಕ್ ತೆರೆಯಲೇಬೇಕು.

ಟ್ಯಾಂಕ್ ತೆರೆಯುವ ಮುಂಚೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಪೆಟ್ರೋಲ್ ಮೈನಸ್ 40 ಡಿಗ್ರಿಯಂಥ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಸುಮಾರು ಶೇ 1.4ರಷ್ಟು ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತುತ್ತದೆ. ಆ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂರುತ್ತದೆ. ಶೆಡ್ಡಿನೊಳಗೆ, ಸರ್ವಿಸ್ ಗುಂಡಿಯ ಮೇಲೆ ಈ ಕೆಲಸ ಬೇಡ. ನಾನು ಅಂಗಳದಲ್ಲಿ ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಟ್ಟು ಬೆಳಗಿನ ತಂಪಿನಲ್ಲಿ ಮಾಡಿದೆ. ಟ್ಯಾಂಕ್ ಕಾಲಿಗಿಂತ ಕಡಿಮೆ ಇರುವಾಗ ಮಾಡಿದರೆ ಚೆಲ್ಲುವುದಿಲ್ಲ. ಪಕ್ಕದಲ್ಲಿ ಪೌಡರ್ ಅಗ್ನಿಶಾಮಕ ಇಟ್ಟುಕೊಂಡೆ. ಮನೆಯವರಿಗೆಲ್ಲ ಮೊದಲೇ ಹೇಳಿದ್ದೆ, ಅಂಗಳದಲ್ಲಿ ನೀರೊಲೆ ಹೊತ್ತಿಸಬೇಡಿ ಅಂತ.

ಪಂಪಿನ ಫ್ಯೂಸ್ ಕಿತ್ತು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದೆ. ಪೈಪಿನ ಒತ್ತಡ ಹೀಗೆ ಇಳಿಯುತ್ತದೆ. ನಂತರ ಬ್ಯಾಟರಿಯ ನೆಗೆಟಿವ್ ಕಳಚಿದೆ. ಬಿಚ್ಚುವ ಮುನ್ನ ಬರಿಗೈಯಲ್ಲಿ ಬಾಡಿಯ ಲೋಹ ಮುಟ್ಟಿದೆ, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ ಅಂತ. ಸೀಟಿನ ಕೆಳಗೆ ವರ್ಷಗಳ ಧೂಳು ಇರುತ್ತದೆ. ಅದನ್ನು ಪೂರ್ತಿ ಒರೆಸಿದ ಮೇಲೇ ಮುಚ್ಚಳದ ಸ್ಕ್ರೂಗೆ ಕೈ ಹಾಕಿ. ಆ ಧೂಳು ಟ್ಯಾಂಕಿಗೆ ಬಿದ್ದರೆ ಫಿಲ್ಟರಿಗೆ ಹೊಸ ಕಾಯಿಲೆ ಶುರು.

ಪೈಪಿನ ಕ್ಲಿಪ್ ಒತ್ತಿ ಬಟ್ಟೆ ಸುತ್ತಿ ಎಳೆದೆ, ನಾಲ್ಕು ಹನಿ ಬಂತು ಅಷ್ಟೇ. ಸೆಟ್ ಯಾವ ದಿಕ್ಕಿಗೆ ಕೂತಿತ್ತು ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡೆ. ಹೊರತೆಗೆಯುವಾಗ ಓರೆ ಮಾಡಿ, ತೋಳು ಅಂಚಿಗೆ ಸಿಕ್ಕಿ ಬಾಗದ ಹಾಗೆ ತೆಗೆಯಬೇಕು. ತೋಳು ಬಾಗಿದರೆ ಮುಳ್ಳಿನ ಲೆಕ್ಕವೇ ತಪ್ಪುತ್ತದೆ. ರಂಧ್ರಕ್ಕೆ ನಾರು ಬಿಡದ ಶುದ್ಧ ಬಟ್ಟೆ ಮುಚ್ಚಿದೆ.

ಪಟ್ಟಿಯ ಮೇಲಿನ ಸತ್ತ ಜಾಗ

ಬುಂಡೆ ಅಲ್ಲಾಡಿಸಿ ನೋಡಿದೆ, ಒಳಗೆ ಪೆಟ್ರೋಲ್ ಕುಲುಕುವ ಶಬ್ದವಿಲ್ಲ. ಅದು ಸರಿ. ಸೆಟ್ಟನ್ನು ಕಾರಿನಿಂದ ದೂರ, ಜಗಲಿಯ ಮೇಲೆ ಒಯ್ದು ಒಣಗಲು ಬಿಟ್ಟ ಮೇಲೆ ಮಲ್ಟಿಮೀಟರ್ ಹಚ್ಚಿದೆ. ಈ ಕೆಲಸಕ್ಕೆ ಹಳೆಯ ಮುಳ್ಳಿನ ಮಲ್ಟಿಮೀಟರ್ ಇದ್ದರೆ ಅದೇ ಉತ್ತಮ. ಡಿಜಿಟಲ್ ಮೀಟರ್ ಅಂಕಿ ಬದಲಾಯಿಸುವಷ್ಟರಲ್ಲಿ ಸಣ್ಣ ಸತ್ತ ಜಾಗ ದಾಟಿಹೋಗಿರುತ್ತದೆ.

ತೋಳನ್ನು ಮೇಲಿನಿಂದ ಮೆಲ್ಲಗೆ ಇಳಿಸುತ್ತಾ ಬಂದೆ. 4, 9, 17, 28, 36. ಅಲ್ಲಿಂದ ಮುಂದೆ ಏನೂ ಇಲ್ಲ, ಸರ್ಕ್ಯೂಟ್ ತೆರೆದುಹೋಯಿತು. ತೋಳು ಇನ್ನೂ ಇಳಿದ ಮೇಲೆ 70ರ ಹತ್ತಿರ ಮತ್ತೆ ಜೀವ ಬಂತು, 118ರವರೆಗೆ ನೀಟಾಗಿ ಹೋಯಿತು. ಸರ್ಕ್ಯೂಟ್ ತೆರೆದರೆ ಗೇಜಿಗೆ ಅದು ತುಂಬಾ ದೊಡ್ಡ ರೆಸಿಸ್ಟೆನ್ಸ್, ಅಂದರೆ ಟ್ಯಾಂಕ್ ಖಾಲಿ. ಅರ್ಧಕ್ಕೆ ಬಂದಾಗ ಮುಳ್ಳು ‘ಇ’ಗೆ ಬೀಳುತ್ತಿದ್ದದ್ದು, ಉಬ್ಬಿನಲ್ಲಿ ಪೆಟ್ರೋಲ್ ಕುಲುಕಿ ಬೆರಳು ಸರಿದಾಗ ಏಳುತ್ತಿದ್ದದ್ದು, ಕಾಲಿಗೆ ಬಂದಾಗ ಸರಿಹೋಗುತ್ತಿದ್ದದ್ದು, ಎಲ್ಲಕ್ಕೂ ಇದೇ ಕಾರಣ.

ಪ್ಲಾಸ್ಟಿಕ್ ಕವಚ ಎಬ್ಬಿಸಿದರೆ ಒಳಗೆ ಪಿಂಗಾಣಿ ಬಿಲ್ಲೆ. ಅದರ ಮೇಲೆ ಕಮಾನಾಕಾರದಲ್ಲಿ ಒತ್ತೊತ್ತಾದ ಬೆಳ್ಳಿ ಬಣ್ಣದ ಗೆರೆಗಳು, ಪಕ್ಕದಲ್ಲಿ ಕಪ್ಪು ರೆಸಿಸ್ಟರ್ ಪಟ್ಟಿ. ಬೆರಳು ಓಡಾಡುವುದು ಗೆರೆಗಳ ಮೇಲೆ. ಎರಡೂ ತುದಿಯಲ್ಲಿ ಗೆರೆಗಳು ಚೆನ್ನಾಗಿದ್ದವು. ನಡುವೆ ಅರ್ಧದಿಂದ ಕಾಲಿನ ತನಕ ಕಪ್ಪಗೆ ಮಸಿ ಹಿಡಿದಂತಿತ್ತು, ಬೆರಳು ಓಡಿದ ದಾರಿಯಲ್ಲಿ ಸವೆತವೂ ಇತ್ತು.

ಕಪ್ಪಾಗುವುದಕ್ಕೆ ಕಾರಣ ಗಂಧಕ. ಗೆರೆಗಳಲ್ಲಿ ಬೆಳ್ಳಿ ಇರುತ್ತದೆ, ಪೆಟ್ರೋಲ್‌ನಲ್ಲಿರುವ ಗಂಧಕದ ಸಂಯುಕ್ತಗಳು ಅದರ ಜೊತೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಅದು ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಬಿಎಸ್ (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) 3 ಪೆಟ್ರೋಲ್‌ನಲ್ಲಿ ಗಂಧಕ 150 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 150 ಭಾಗದವರೆಗೆ ಇರಬಹುದಿತ್ತು. ಬಿಎಸ್ 4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಂದ ಬಿಎಸ್ 6ರಲ್ಲಿ 10. ನನ್ನ ಕಾರು ಈ ಮೂರನ್ನೂ ಕುಡಿದಿದೆ. ಸವೆತಕ್ಕೆ ಕಾರಣ ನಮ್ಮ ಅಭ್ಯಾಸ. 500 ರೂಪಾಯಿಗೆ ಹಾಕಿ, 1000ಕ್ಕೆ ಹಾಕಿ ಅಂತ ಬಂಕಿನಲ್ಲಿ ಹೇಳುವವರ ಕಾರಿನಲ್ಲಿ ಬುಂಡೆ ಯಾವಾಗಲೂ ಅರ್ಧದ ಕೆಳಗೇ ತೇಲುತ್ತಿರುತ್ತದೆ. ಬೆರಳು ಅಷ್ಟೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜುತ್ತದೆ.

ಇಲ್ಲಿ ಎಮರಿ ಪೇಪರ್ ಮುಟ್ಟಬಾರದು. ಆ ಗೆರೆಗಳ ಪದರ ತುಂಬಾ ತೆಳು, ಎರಡು ಸಲ ಉಜ್ಜಿದರೆ ಹೊರಟೇಹೋಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಮೊದಲು ಒರೆಸಿದೆ. ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನ ಮೂಲೆಯಿಂದ ಗೆರೆಗಳ ಉದ್ದಕ್ಕೂ ಹಗುರವಾಗಿ ತಿಕ್ಕಿದೆ. ಕಪ್ಪು ಬಿಟ್ಟುಕೊಂಡು ಬೆಳ್ಳಿ ಕಾಣಿಸಿತು. ಮತ್ತೆ ಆಲ್ಕೋಹಾಲ್‌ನಲ್ಲಿ ಒರೆಸಿ ರಬ್ಬರಿನ ಪುಡಿಯನ್ನೆಲ್ಲ ತೆಗೆದೆ. ಬೆರಳಿನ ತುದಿಗೂ ಅದೇ ಉಪಚಾರ.

ಮೀಟರ್ ಹಚ್ಚಿದರೆ ಬಹುಪಾಲು ಬದುಕಿತ್ತು. 52 ಓಮಿನ ಹತ್ತಿರ ಮಾತ್ರ ಒಂದು ಸಣ್ಣ ಸಂದು ಉಳಿಯಿತು. ಲೆನ್ಸ್ ಹಿಡಿದು ನೋಡಿದೆ. ಬೆರಳು ಓಡುವ ದಾರಿಯಲ್ಲಿ ಎರಡು ಗೆರೆಗಳು ಪೂರ್ತಿ ಸವೆದು ಪಿಂಗಾಣಿ ಕಾಣುತ್ತಿತ್ತು. ಆದರೆ ಅದೇ ಗೆರೆಗಳ ಹೊರತುದಿ ಹೊಸದರಂತೆ ಉಳಿದಿತ್ತು. ಸಣ್ಣ ಇಕ್ಕಳದಲ್ಲಿ ಬೆರಳನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಹೊರಕ್ಕೆ ಬಾಗಿಸಿದೆ, ಒತ್ತುವ ಬಲ ಕಡಿಮೆಯಾಗದ ಹಾಗೆ ನೋಡಿಕೊಂಡೆ. ಈಗ ಅದು ಸವೆಯದ ದಾರಿಯಲ್ಲಿ ಓಡುತ್ತದೆ. ತೋಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಷ್ಟು ಸಲ ಆಡಿಸಿದರೂ ಮೀಟರಿನ ಮುಳ್ಳು ಎಲ್ಲೂ ತಡವರಿಸಲಿಲ್ಲ. ಭಾಮೈದ ತಾನೂ ಒಮ್ಮೆ ಆಡಿಸಿ ನೋಡಿ, “ಇಷ್ಟಕ್ಕೆ ಪೂರ್ತಿ ಸೆಟ್ ಹಾಕಿಸಬೇಕಿತ್ತಾ ಭಾವ!” ಅಂದ.

ಎಲ್ಲರಿಗೂ ಹೀಗೆ ಉಳಿಸಿಕೊಳ್ಳಲು ಆಗುತ್ತದೆ ಅಂತ ಹೇಳುವುದಿಲ್ಲ. ಗೆರೆಗಳು ಪೂರ್ತಿ ಅಗಲಕ್ಕೆ ಸವೆದಿದ್ದರೆ, ಬಿಲ್ಲೆ ಬಿರುಕು ಬಿಟ್ಟಿದ್ದರೆ ಹೊಸ ಫ್ಲೋಟ್ ಹಾಕಿ. ಆದರೆ ಪಂಪ್ ಚೆನ್ನಾಗಿದ್ದರೆ ಫ್ಲೋಟ್ ಮಾತ್ರ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಅನೇಕ ಕಾರುಗಳಲ್ಲಿ ಅದು ಎರಡು ಕೊಕ್ಕೆಗಳ ಮೇಲೆ ಕೂರುವ ಬೇರೆಯದೇ ತುಂಡು.

ವಾಪಸ್ ಜೋಡಿಸಿದ್ದು

ಮುಚ್ಚಳದಡಿಯ ಹಳೆಯ ರಬ್ಬರ್ ರಿಂಗ್ ಪೆಟ್ರೋಲ್ ಕುಡಿದು ಊದಿಕೊಂಡಿತ್ತು, ತನ್ನ ಜಾಗದಲ್ಲಿ ಕೂರುತ್ತಲೇ ಇರಲಿಲ್ಲ. ಹೊಸ ರಿಂಗ್ ಮೊದಲೇ ತಂದಿಟ್ಟುಕೊಳ್ಳಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಹಳೆಯ ಕಾರುಗಳ ರಬ್ಬರ್ ಅದಕ್ಕೆ ತಯಾರಾಗಿದ್ದಲ್ಲ. ಹಾಗಾಗಿ ಎಥನಾಲ್ ತಡೆಯುವ ವೈಟಾನ್ ರಿಂಗ್ ಸಿಕ್ಕರೆ ಅದನ್ನೇ ಹಾಕಿ. ನಾನು ಅದನ್ನೇ ಹಾಕಿದೆ.

ಮುಚ್ಚಳದ ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಪೈಪ್ ಕ್ಲಿಪ್ ‘ಟಕ್’ ಅನ್ನುವ ತನಕ ಒತ್ತಿ, ಒಮ್ಮೆ ಎಳೆದು ನೋಡಿದೆ. ಬ್ಯಾಟರಿ, ಫ್ಯೂಸ್ ಸೇರಿಸಿ ಕೆಲವು ಸಲ ಕೀ ಆನ್ ಆಫ್ ಮಾಡಿ ಒತ್ತಡ ತುಂಬಿಸಿದೆ. ಇಂಜಿನ್ ಓಡಿಸಿ, ಜಾಯಿಂಟ್‌ಗಳ ಸುತ್ತ ಒಣ ಟಿಶ್ಯೂ ಒತ್ತಿ ನೋಡಿದೆ. ಒದ್ದೆಯಿಲ್ಲ, ವಾಸನೆಯಿಲ್ಲ. ಆಮೇಲಷ್ಟೇ ಸೀಟ್ ಕೂರಿಸಿದೆ.

ಲೆಕ್ಕ ಸರಿಯಿದೆಯಾ ಅಂತ ನೋಡಲು ಸುಲಭದ ದಾರಿ ಬಂಕ್. ಮುಳ್ಳು ಅರ್ಧದ ಗೆರೆಯ ಮೇಲಿದ್ದಾಗ ಫುಲ್ ಮಾಡಿಸಿದೆ, ಹದಿನಾರೂವರೆ ಲೀಟರ್ ಹಿಡಿಯಿತು. ಇನ್ನೊಂದು ಸಲ ಎಚ್ಚರಿಕೆ ದೀಪ ಹೊತ್ತಿದ ಮೇಲೆ ಮಾಡಿಸಿದೆ, 30ಕ್ಕೆ ಸ್ವಲ್ಪ ಕಡಿಮೆ. 35 ಲೀಟರ್ ಟ್ಯಾಂಕಿಗೆ ಇದು ಸರಿಯಾದ ಲೆಕ್ಕ, ‘ಇ’ ಹತ್ತಿರ ಬಂದರೂ ತಳದಲ್ಲಿ ಐದಾರು ಲೀಟರ್ ಇರುತ್ತದೆ. ಫುಲ್ ಮಾಡಿಸಿದ ಮೇಲೆ ಮುಳ್ಳು ತುಂಬಾ ದೂರ ‘ಎಫ್’ ಬಿಟ್ಟು ಇಳಿಯುವುದಿಲ್ಲ, ಅದು ದೋಷವಲ್ಲ. ಬುಂಡೆ ಮೇಲಿನ ತಡೆಗೆ ತಾಗಿದ ನಂತರವೂ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿರುತ್ತದೆ, ಅದು ಖರ್ಚಾಗಬೇಕು. ಶಿರಾಡಿ ಇಳಿಯುವಾಗ ಮುಳ್ಳು ಸ್ವಲ್ಪ ಬದಲಾಗುವುದೂ ಸಹಜ. ಇಳಿಜಾರಿನಲ್ಲಿ ಪೆಟ್ರೋಲ್ ಮುಂದಕ್ಕೆ ಸರಿಯುತ್ತದೆ, ಗುಂಡ್ಯದಲ್ಲಿ ಸಮತಟ್ಟು ರಸ್ತೆ ಸಿಕ್ಕ ಮೇಲೆ ಮೊದಲಿನ ಜಾಗಕ್ಕೆ ಬರುತ್ತದೆ.

ಬಾಕಿ ಉಳಿದಿರುವುದು ಟೈಲ್ ಲ್ಯಾಂಪಿನ ಬ್ಯೂಟೈಲ್ ಟೇಪ್. ಅದು ಒಂದು ಪೂರ್ತಿ ಮಳೆಗಾಲ ತಡೆಯುತ್ತದಾ ಅಂತ ನೋಡಬೇಕು. ಮಳೆ ಬಿಟ್ಟ ಮೇಲೆ ಡಿಕ್ಕಿಯ ಬೋಲ್ಟಿನ ಮೇಲೆ ಮತ್ತೊಮ್ಮೆ ಮೀಟರ್ ಇಡುತ್ತೇನೆ. 0.1 ದಾಟಿದ್ದರೆ ಮೂರು ಲಗ್‌ಗಳನ್ನೂ ಆ ಮೂಲೆಯಿಂದ ಕಿತ್ತು, ಸೀಟಿನ ಕೆಳಗಿನ ಒಣ ಜಾಗಕ್ಕೆ ಹೊಸ ಬೋಲ್ಟ್ ಹಾಕಿ ಸ್ಥಳಾಂತರಿಸುವುದು.